ಹಗೇವಿಗೆ ಗಾಳಿ ಹೊಡೆದ ದಿನ

ನಮ್ಮಪ್ಪ ತರೀಕೆರೆಯ ಕಚೇರಿಯಲ್ಲಿ ಪಂಖಾ ಎಳೆಯುವ ಕೆಲಸದಲ್ಲಿದ್ದ. ಸಾಹೇಬರು ಕೂರುವ ಕೋಣೆಯ ತೊಲೆಗೆ ಉದ್ದನೆಯ ಮರದ ಪಟ್ಟಿಯೊಂದನ್ನು ತೂಗುಹಾಕಿದ್ದರು. ಅದರ ಕೆಳಗೆ ದಪ್ಪ ಬಟ್ಟೆಯ ಜಾಲರಿ. ಪಟ್ಟಿಗೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಜಗಲಿಗೆ ಬರುತ್ತಿತ್ತು. ಅಪ್ಪ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು ದಿನವಿಡೀ ಆ ಹಗ್ಗ ಜಗ್ಗುತ್ತಿದ್ದ. ಕೈ ಸೋತರೆ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಜಗ್ಗುತ್ತಿದ್ದ. ಗಾಳಿ ಯಾರಿಗೆ ಬೀಸುತ್ತಿದೆ ಎನ್ನುವುದು ಅವನಿಗೆ ಕಾಣುತ್ತಿರಲಿಲ್ಲ, ಒಳಗಿನ ಮಾತು ಮಾತ್ರ ತೂತಿನಿಂದ ಕೇಳುತ್ತಿತ್ತು. "ಮಾತು ಕೇಳ್ತಾ ಇದ್ರೆ ಧೈರ್ಯ ಕಣಮ್ಮ. ಒಳಗೆ ಗಪ್ಪಂತ ಸದ್ದು ನಿಂತ್ರೆ ಎದೆ ಹೊಡ್ಕೊಳ್ತದೆ" ಎನ್ನುತ್ತಿದ್ದ.

ಕಮ್ಮಾರಿಕೆ ನಮ್ಮ ಕುಲದ ಕಸುಬು. ಅಪ್ಪ ಅದನ್ನು ಬಿಟ್ಟು ಕಚೇರಿ ಸೇರಿದವನು. ಕಾಗದಪತ್ರದ ನಡುವೆ ಕೂತೂ ಕೂತೂ ನಾಲ್ಕಕ್ಷರ ಕಲಿತ, ನನ್ನನ್ನೂ ಮಿಡ್ಲ್ ಸ್ಕೂಲಿನವರೆಗೆ ಓದಿಸಿದ. ಕರೆಂಟಿನ ಫ್ಯಾನು ಬಂದ ಮೇಲೆ ಅವನನ್ನು ಟಪಾಲು ಹೊರುವ ಕೆಲಸಕ್ಕೆ ಹಾಕಿದರು. ಆ ವರ್ಷವೇ ನನ್ನ ಮದುವೆಯಾಯಿತು. ಅಜ್ಜಂಪುರದಲ್ಲಿ ಕುಲುಮೆ ಇಟ್ಟುಕೊಂಡಿದ್ದ ಮನೆಗೆ ಸೊಸೆಯಾಗಿ ಹೋದೆ. ಐವತ್ತರ ದಶಕದ ಕೊನೆಯ ಮಾತು.

ಅಲ್ಲಿ ನನಗೆ ಸಿಕ್ಕ ಮೊದಲ ಕೆಲಸ ತಿದಿ ಒತ್ತುವುದು. ಎಮ್ಮೆ ಚರ್ಮದ ದೊಡ್ಡ ತಿದಿ. ಅದರ ಮೇಲೆ ಬಿದಿರಿನ ಗಳು, ಗಳುವಿಗೆ ಸರಪಳಿ. ಸರಪಳಿ ಎಳೆದರೆ ತಿದಿ ಉಬ್ಬುತ್ತಿತ್ತು, ಬಿಟ್ಟರೆ ಕುಸಿದು ಬೆಂಕಿಗೆ ಗಾಳಿ ಊದುತ್ತಿತ್ತು. ನಾನು ಬರುವವರೆಗೆ ಅತ್ತೆ ಆ ಸರಪಳಿ ಎಳೆದವರು. ಮೊಣಕಾಲು ಹಿಡಿದುಕೊಂಡ ಮೇಲೆ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತು ನನಗೆ ಹೇಳಿಕೊಡುತ್ತಿದ್ದರು. ನೇಗಿಲ ಗುಳಕ್ಕೆ ಎಷ್ಟು ಗಾಳಿ, ಕುಡುಗೋಲಿಗೆ ಎಷ್ಟು, ಗಾಡಿ ಚಕ್ರದ ಪಟ್ಟಿ ಕಾಯಿಸುವಾಗ ಎಷ್ಟು ಎನ್ನುವುದೆಲ್ಲ ಅವರ ಕಿವಿಯಲ್ಲಿತ್ತು. ಕಣ್ಣು ಮುಚ್ಚಿಕೊಂಡೇ "ಜಾಸ್ತಿ ಆಯ್ತು ಕಣೇ" ಎನ್ನುತ್ತಿದ್ದರು.

ನಮ್ಮ ಮನೆಯವರಿಗೆ ಹೊಸ ಸಾಮಾನಿನ ಹುಚ್ಚು. ಬೀರೂರಿನ ಕಡೆ ಎಲ್ಲಾದರೂ ಹಳೇ ಕಬ್ಬಿಣದ ಹರಾಜು ಎಂದರೆ ಬೆಳಗಿನ ರೈಲು ಹತ್ತಿ ಹೋಗಿಬಿಡುತ್ತಿದ್ದರು. ಹಾಗೆ ಹೋದವರು ಒಂದು ಸಲ ಗಾಡಿಯಲ್ಲಿ ಬ್ಲೋಯರು ಹೇರಿಕೊಂಡು ಬಂದರು. ಎರಕದ ಕಬ್ಬಿಣದ ಭಾರವಾದ ಸಾಮಾನು. ಶಂಖದ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಗುಂಡಗಿನ ಗೂಡು, ಪಕ್ಕದಲ್ಲಿ ಹಲ್ಲಿನ ಚಕ್ರಗಳು, ತಿರುಗಿಸಲು ಒಂದು ಹಿಡಿ. ಹಿಡಿ ಒಂದು ಸುತ್ತು ಸುತ್ತಿದರೆ ಒಳಗಿನ ರೆಕ್ಕೆಗಳು ಹತ್ತಿಪ್ಪತ್ತು ಸುತ್ತು ತಿರುಗುತ್ತಿದ್ದವು. ಮೂತಿಯಿಂದ ಗಾಳಿ ಒಂದೇ ಸಮನೆ ಹೊಡೆಯುತ್ತಿತ್ತು. ಊರವರ ಬಾಯಲ್ಲಿ ಅದು ಗಾಳಿ ಮಿಷನ್ನು ಆಯಿತು.

ಮೊದಲ ದಿನ ಅದನ್ನು ತಿರುಗಿಸಿದಾಗ ಎದ್ದ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ದೂರದಲ್ಲಿ ಯಾರೋ ಹೆಂಗಸು ಗಂಟಲು ಬಿಗಿಹಿಡಿದು ಅಳುವಂತೆ ಸಣ್ಣಗೆ ಶುರುವಾಗಿ ಏರುತ್ತಾ ಹೋಯಿತು. ಮನೆಯ ಮುಂದೆ ಕಟ್ಟಿದ್ದ ಕರು ಹಗ್ಗ ಕಿತ್ತುಕೊಂಡು ಓಡಿತು. ಅತ್ತೆ ಚಾಪೆಯಿಂದ ಎದ್ದು ಒಳಗೆ ಹೋದರು.

"ಯಾಕತ್ತೆ, ಕೆಲಸ ಹಗುರ ಆಯ್ತಲ್ವಾ?" ಎಂದು ಕೇಳಿದೆ.

"ತಿದಿ ಉಸಿರಾಡ್ತದೆ ಕಣೇ. ಎಳ್ಕೊಳ್ತದೆ, ಬಿಡ್ತದೆ. ಇದು ಬರೀ ಬಿಡ್ತದೆ. ಎಳ್ಕೊಳ್ಳೋದು ಎಲ್ಲಿಂದ ಅಂತ ಯಾರಿಗೆ ಗೊತ್ತು?" ಎಂದರು. ಹಳೇ ಕಾಲದವರ ಮಾತು ಎಂದು ನಾನು ನಕ್ಕೆ.

ಬ್ಲೋಯರು ಬಂದ ಎರಡನೇ ಬೇಸಿಗೆಯಲ್ಲಿ ಅದಕ್ಕೊಂದು ಹೊಸ ಉಪಯೋಗ ಸಿಕ್ಕಿತು. ಊರಾಚೆಯ ತೋಟದಲ್ಲಿ ಬಾವಿ ಆಳ ಮಾಡಿಸುತ್ತಿದ್ದರು. ತಳದಲ್ಲಿ ಕೆಟ್ಟ ಗಾಳಿ ಕೂತು, ಇಳಿದವರಿಗೆ ತಲೆ ಸುತ್ತಿ ಬರುತ್ತಿತ್ತು. ಸಾಮಾನ್ಯವಾಗಿ ಇಂಥ ಕಡೆ ಬೇವಿನ ಸೊಪ್ಪಿನ ದೊಡ್ಡ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸುತ್ತಾರೆ, ಇಲ್ಲವೇ ಕಂಬಳಿ ಇಳಿಬಿಟ್ಟು ಬೀಸುತ್ತಾರೆ. ಅರ್ಧ ದಿನ ಹಿಡಿಯುವ ಕೆಲಸ. ನಮ್ಮ ಮನೆಯವರು ತಗಡು ಸುತ್ತಿ ಒಂದೊಂದು ಆಳುದ್ದದ ಕೊಳವೆಗಳನ್ನು ಮಾಡಿದರು. ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ ಉದ್ದ ಮಾಡಿಕೊಳ್ಳುವಂತೆ. ಬ್ಲೋಯರಿನ ಮೂತಿಗೂ ಕೊಳವೆಗೂ ನಡುವೆ ಚರ್ಮದ ತೋಳು ಕಟ್ಟಿದರು. ಕೊಳವೆಯನ್ನು ಬಾವಿಯ ತಳದವರೆಗೆ ಇಳಿಸಿ ಗಾಳಿ ಹೊಡೆದರು. ಲಾಂದ್ರ ಇಳಿಬಿಟ್ಟು ನೋಡಿದರೆ ತಳದಲ್ಲೂ ದೀಪ ಉರಿಯಿತು. ಬಾವಿಯವರು ಇವರ ಕೈ ಹಿಡಿದುಕೊಂಡು ಹೊಗಳಿದರು.

ಅಲ್ಲಿಂದ ಕರೆ ಬರತೊಡಗಿತು. ಬಾವಿಗೆ, ಆಮೇಲೆ ಹಗೇವಿಗೆ. ನಮ್ಮ ಬಯಲು ಸೀಮೆಯಲ್ಲಿ ರಾಗಿ ತುಂಬುವುದು ನೆಲದೊಳಗಿನ ಹಗೇವಿನಲ್ಲಿ. ಗಟ್ಟಿ ನೆಲದಲ್ಲಿ ಎರಡು ಮೂರು ಆಳು ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ಗಡಿಗೆಯಂತೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುವುದಿಲ್ಲ. ಆದರೆ ತೆಗೆಯುವಾಗ ಒಳಗಿನ ಗಾಳಿ ಮನುಷ್ಯನದ್ದಲ್ಲ. ಚಪ್ಪಡಿ ತೆಗೆದು ಒಂದಿಡೀ ದಿನ ಬಾಯಿ ತೆರೆದಿಡಬೇಕು, ಆಮೇಲೆ ತಳದವರೆಗೆ ದೀಪ ಬಿಟ್ಟು ನೋಡಬೇಕು. ದೀಪ ಆರಿದರೆ ಮತ್ತೆ ಕಾಯಬೇಕು. ಇದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಗಾಳಿ ಮಿಷನ್ನು ಬಂದ ಮೇಲೆ ಒಂದು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ಜನ ಕಾಯುವುದನ್ನು ಮರೆತರು. ನಮ್ಮ ಮನೆಯವರೂ ಸ್ವಲ್ಪ ಮರೆತರು ಎಂದು ಈಗ ಅನ್ನಿಸುತ್ತದೆ.

ಅರವತ್ತರ ದಶಕದ ನಡುವಿನ ವರ್ಷಗಳು ಅವು. ಧಾನ್ಯಕ್ಕೆ ಲೆವಿ ಹಾಕಿದ್ದರು. ಮನೆಯಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ರಾಗಿ ಇದ್ದರೆ ಸರ್ಕಾರಕ್ಕೆ ಕೊಡಬೇಕು. ಜೀಪಿನ ಸದ್ದು ಕೇಳಿದರೆ ಊರಲ್ಲಿ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಬೀದಿಯ ಹಗೇವು ಎಲ್ಲರ ಕಣ್ಣಿಗೂ ಬೀಳುತ್ತದೆಂದು ಕೆಲವು ದೊಡ್ಡ ಮನೆಗಳಲ್ಲಿ ಕೊಟ್ಟಿಗೆಯೊಳಗೆ, ಹಿತ್ತಿಲಲ್ಲಿ ಕದ್ದು ಹಗೇವು ತೋಡಿಸಿದ್ದರು.

ನಮ್ಮೂರಿನಿಂದ ಗಾಡಿಯಲ್ಲಿ ಎರಡು ಗಂಟೆಯ ದಾರಿಯ ಒಂದು ಹಳ್ಳಿಯಿಂದ ಗೌಡರೊಬ್ಬರು ಬಂದರು. ಇವರನ್ನು ಕುಲುಮೆಯಿಂದ ಆಚೆ ಕರೆದು ಮಾತಾಡಿದರು. ತಗ್ಗಿದ ದನಿಯಾದರೂ ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿತು.

"ಕೊಟ್ಟಿಗೆ ಒಳಗಿನ ಹಗೇವು ಆಚಾರ್ರೇ. ತೆಗ್ದು ಒಂದಿನ ಬಿಡಾಕೆ ಆಗಲ್ಲ. ಯಾರಾದ್ರೂ ಕಂಡ್ರೆ ಮುಗೀತು. ನಾಡಿದ್ದು ಸಂತೆ, ಊರೆಲ್ಲ ಖಾಲಿ ಇರ್ತದೆ. ಮಧ್ಯಾಹ್ನದೊಳಗೆ ತೆಗ್ದು ಮುಚ್ಚಿಬಿಡಾನ."

"ಮಿಷನ್ನು ತಿರುಗ್ಸೋಕೆ ಇಬ್ರು ಬೇಕು ಗೌಡ್ರೇ. ಪಕ್ಕದ ಮನೆಯೋನ್ನ ಕರ್ಕೊಂಡು ಬತ್ತೀನಿ."

"ಹೊರಗಿನೋರು ಬ್ಯಾಡ. ನಿಮ್ಮ ಮನೆಯೋರನ್ನೇ ಕರ್ಕೊಂಡು ಬನ್ನಿ. ನೆಂಟರ ಮನೆಗೆ ಬಂದಂಗೆ ಇರ್ತದೆ."

ಹೀಗೆ ನಾನು ಹೋಗುವುದಾಯಿತು. ಸಂತೆಯ ದಿನ ಬೆಳಗ್ಗೆ ಕಮಾನು ಗಾಡಿಯಲ್ಲಿ ಬ್ಲೋಯರು ಮಲಗಿಸಿ, ಕೊಳವೆಗಳನ್ನು ಜೋಡಿಸಿ, ಎಲ್ಲದರ ಮೇಲೂ ಹುಲ್ಲು ಹರಡಿದರು. ಹುಲ್ಲಿನ ಮೇಲೆ ನಾನು ಕೂತೆ. ಅತ್ತೆ ಬಾಗಿಲಿಗೆ ಬರಲಿಲ್ಲ. ದಾರಿಯಲ್ಲಿ ಸಂತೆಗೆ ಹೊರಟವರು ಎದುರಾದರು. ಎಲ್ಲಿಗೆ ಎಂದು ಕೇಳಿದವರಿಗೆ ಇವರು ನೆಂಟರ ಮನೆಗೆ ಎಂದರು. ಹಳ್ಳದ ಇಳಿಜಾರಿನಲ್ಲಿ ಗಾಡಿ ಒಂದು ಕಡೆಗೆ ವಾಲಿ, ಬ್ಲೋಯರು ಉರುಳಿ ಒಂದು ಕೊಳವೆಯ ಮೇಲೆ ಕೂತಿತು. ತಗಡು ಅಪ್ಪಚ್ಚಿ. ಇವರು ಅದನ್ನು ಎತ್ತಿ ನೋಡಿ ಮತ್ತೆ ಹುಲ್ಲಿನ ಕೆಳಗೆ ತುರುಕಿದರು.

"ಉದ್ದ ಕಮ್ಮಿ ಆಗಲ್ವಾ?" ಎಂದೆ.

"ನೋಡಾನ ನಡಿ" ಎಂದರು.

ಊರು ನಿಜವಾಗಿಯೂ ಖಾಲಿಯಾಗಿತ್ತು. ನಾಯಿಗಳು ಕೂಡ ನೆರಳಿನಲ್ಲಿ ಸುಮ್ಮನೆ ಬಿದ್ದಿದ್ದವು. ಗೌಡರ ಮನೆಯ ಹಿಂಬಾಗಿಲಿನಿಂದ ಗಾಡಿ ಒಳಗೆ ಹೋಯಿತು, ಬಾಗಿಲು ಹಾಕಿಕೊಂಡಿತು. ಅಲ್ಲಿದ್ದವರು ಗೌಡರು, ಅವರ ತಮ್ಮ, ಆ ಮನೆಯಲ್ಲಿ ಬಹಳ ವರ್ಷದಿಂದ ಹೊಲದ ಆರಂಬ ನೋಡಿಕೊಳ್ಳುತ್ತಿದ್ದ ಹಿರಿಯಾಳು, ಈ ಮೂವರೇ. ಹಿರಿಯಾಳಿಗೆ ನಲವತ್ತು ದಾಟಿರಬೇಕು. ಮೆಲುದನಿಯ ಮನುಷ್ಯ. ನಾನು ಗಾಡಿಯಿಂದ ಇಳಿಯುವಾಗ, "ಬಿಸಿಲಲ್ಲಿ ಬಂದಿದೀರಿ, ನೀರು ಕುಡೀರಿ ತಾಯಿ" ಎಂದು ತಂಬಿಗೆ ತಂದು ಜಗಲಿಯ ಮೇಲಿಟ್ಟು ದೂರ ಸರಿದು ನಿಂತ. ಅವನ ಹೆಂಡತಿ ಬದನೆಕಾಯಿ ಮಾರಲು ಸಂತೆಗೆ ಹೋಗಿದ್ದಳು. ಅವಳಿಗೂ ಈ ವಿಷಯ ಹೇಳಿರಲಿಲ್ಲವಂತೆ.

ಕೊಟ್ಟಿಗೆಯ ದನಗಳನ್ನು ಹೊರಗೆ ಹೊಡೆದಿದ್ದರು. ಮೂಲೆಯಲ್ಲಿ ಸಗಣಿ, ಹುಲ್ಲು ಬಾಚಿ ತೆಗೆದಾಗ ಚಪ್ಪಡಿ ಕಂಡಿತು. ಅಂಚಿನ ಮಣ್ಣು ತೇವವಾಗಿತ್ತು. ಹಾರೆ ಹಾಕಿ ಮೀಟಿದರು. ಬಾಯಿ ತೆರೆದ ಕೂಡಲೇ ಬಿಸಿ ಹಬೆ ಮುಖಕ್ಕೆ ಬಂತು. ಹುಳಿ ಬಂದ ಅಂಬಲಿಯ ವಾಸನೆ, ಅದರ ಹಿಂದೆ ಇನ್ನೂ ಏನೋ ಸಿಹಿಯಾದ, ಕೊಳೆತ ವಾಸನೆ. ಗೌಡರ ಮುಖ ಕಪ್ಪಿಟ್ಟಿತು.

"ನೀರು ಇಳಿದೈತೆ. ತಳದಾಗೆ ಉಳಿದಿರೋ ರಾಗಿ ಬಿಟ್ರೆ ಪೂರಾ ಹೋಯ್ತದೆ. ಬೇಗ ಆಗ್ಲಿ" ಎಂದರು.

ಕೊಟ್ಟಿಗೆಯ ನೆಲ ಕೆಸರು ಕೆಸರಾಗಿತ್ತು. ಅಲ್ಲಿ ಬ್ಲೋಯರು ಇಟ್ಟರೆ ಹೂತುಕೊಳ್ಳುತ್ತದೆ, ಹಲ್ಲುಗಳಿಗೆ ಸಗಣಿ ಹೋಗುತ್ತದೆ ಎಂದು ಇವರು ಅದನ್ನು ಗೋಡೆಯ ಪಕ್ಕದ ಕಲ್ಲು ಹಾಸಿನ ಮೇಲೆ ಕೂರಿಸಿದರು. ಹಗೇವಿನ ಬಾಯಿ ಅಲ್ಲಿಂದ ಮೂರ್ನಾಲ್ಕು ಮೊಳ. ಅಷ್ಟು ದೂರಕ್ಕೆ ಒಂದು ಕೊಳವೆ ಹೋಯಿತು. ಒಂದು ಮೊದಲೇ ಅಪ್ಪಚ್ಚಿಯಾಗಿತ್ತು. ಉಳಿದವು ಒಳಗೆ ಎಲ್ಲಿಯವರೆಗೆ ಮುಟ್ಟಿದವು ಎಂಬುದು ಕತ್ತಲಲ್ಲಿ ಕಾಣಲಿಲ್ಲ. ನಾನು ಹಿಡಿ ತಿರುಗಿಸತೊಡಗಿದೆ. ಅದೇ ಅಳುವಿನ ಸದ್ದು ಕೊಟ್ಟಿಗೆ ತುಂಬಿಕೊಂಡಿತು. ಹೊರಗೆ ಕೇಳಿಸುತ್ತದೆಂದು ಗೌಡರ ತಮ್ಮ ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರು.

ಒಬ್ಬರಾದ ಮೇಲೆ ಒಬ್ಬರು ತಿರುಗಿಸಿದೆವು. ಒಂದು ಗಂಟೆಯೂ ಆಗಿರಲಿಲ್ಲ, ಗೌಡರು ದೀಪ ಬಿಡಲು ಹೇಳಿದರು. ಇವರು ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ನಾನು ಹಿಡಿ ತಿರುಗಿಸುತ್ತಲೇ ಕತ್ತು ಚಾಚಿ ಒಳಗೆ ನೋಡುತ್ತಿದ್ದೆ. ಲಾಂದ್ರ ಕೊಳವೆಯ ಪಕ್ಕದಲ್ಲೇ ಇಳಿದು ಅದರ ಬಾಯಿಯ ಹತ್ತಿರ ನಿಂತಿತು. ದೀಪ ಚೆನ್ನಾಗಿ ಉರಿಯಿತು. ಇವರ ಕೈಯಲ್ಲಿ ಹಗ್ಗ ಇನ್ನೂ ಎರಡು ಸುತ್ತು ಉಳಿದಿತ್ತು.

"ಉರೀತಾ ಐತಲ್ಲ, ಸಾಕು" ಎಂದರು ಗೌಡರು.

ಇವರು ಕೈಯಲ್ಲಿ ಉಳಿದ ಹಗ್ಗದ ಕಡೆ ನೋಡಿದರು. ಆಮೇಲೆ ಲಾಂದ್ರ ಮೇಲೆಳೆದುಕೊಂಡರು.

ನನಗೆ ಗೊತ್ತಾಗಿತ್ತು. ದೀಪ ಉರಿದದ್ದು ನಾನು ಊದುತ್ತಿದ್ದ ಗಾಳಿಯಲ್ಲಿ. ಕುಲುಮೆಯ ಬೆಂಕಿಯ ಮುಂದೆ ಏಳೆಂಟು ವರ್ಷ ಕೂತವಳಿಗೆ ಗಾಳಿ ಎಲ್ಲಿ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂದು ತಿಳಿಯುತ್ತದೆ. ಕೊಳವೆಯ ಬಾಯಿಯಿಂದ ಕೆಳಗೆ ಇನ್ನೂ ಒಂದು ಆಳು ಕತ್ತಲಿತ್ತು. ಅಲ್ಲಿಗೆ ಯಾರೂ ದೀಪ ಬಿಟ್ಟಿರಲಿಲ್ಲ. ಬಾಯಿ ತೆರೆದು ಹೇಳಬೇಕೆಂದುಕೊಂಡೆ. ಪರವೂರಿನ ಗಂಡಸರ ನಡುವೆ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದೆ. ಇವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತೇ ಎಂದುಕೊಂಡು ಹಿಡಿ ತಿರುಗಿಸುತ್ತಾ ಹೋದೆ.

ಹಿರಿಯಾಳು ಪಂಚೆ ಎತ್ತಿ ಕಟ್ಟಿದ. ಹಗೇವಿನ ಗೋಡೆಯಲ್ಲಿ ಕಾಲಿಡಲು ಕೊರೆದ ಗೂಡುಗಳಿದ್ದವು. ಒಂದೊಂದೇ ಕಾಲಿಟ್ಟು ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ಇದ್ದ ಹಗ್ಗ ಬುಟ್ಟಿಗೆ ಬೇಕಾಗಿತ್ತು.

"ಬಿಸಿ ಐತೆ ಕಣ್ರೀ" ಎಂದು ಒಳಗಿನಿಂದ ಕೂಗಿದ. ಮೊದಲ ಬುಟ್ಟಿ ಮೇಲೆ ಬಂತು. ರಾಗಿ ಕಪ್ಪಾಗಿ ಹೆಂಟೆ ಹೆಂಟೆಯಾಗಿತ್ತು. ಗೌಡರು ಕೈಯಲ್ಲಿ ಪುಡಿ ಮಾಡಿ ಮೂಸಿ, "ಕೆಳಗಡೆದು ಚೆನ್ನಾಗಿರ್ತದೆ, ಕೆಳಗಿಂದ ತೆಗಿಯೋ" ಎಂದು ಕೂಗಿದರು. "ಹ್ಞೂಂ" ಎಂದಿತು ಒಳಗಿನ ದನಿ.

ಬುಟ್ಟಿ ಮತ್ತೆ ಇಳಿಯಿತು. ಹಗ್ಗ ಅಲುಗಲಿಲ್ಲ. ಗೌಡರ ತಮ್ಮ ಹಗ್ಗ ಜಗ್ಗಿ ನೋಡಿದರು. ಹಗುರವಾಗಿತ್ತು. "ಏನಪ್ಪಾ, ತುಂಬುದ್ಯಾ?" ಉತ್ತರವಿಲ್ಲ. "ಲೇ!" ಎಂದರು. ನಾನು ಹಿಡಿ ನಿಲ್ಲಿಸಿದೆ. ಬ್ಲೋಯರಿನ ಅಳು ಇಳಿಯುತ್ತಾ ಇಳಿಯುತ್ತಾ ನಿಂತಿತು. ಆಮೇಲಿನ ಆ ನಿಶ್ಶಬ್ದದಂಥದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ತಮ್ಮ ಯಾರನ್ನೂ ಕೇಳದೆ ಕಾಲು ಇಳಿಬಿಟ್ಟರು. ಎದೆ ಮಟ್ಟ ಇಳಿದಿದ್ದರು, ತಲೆ ಮರೆಯಾಯಿತು, ಅಷ್ಟರಲ್ಲಿ ಕಾಲು ಜಾರಿದ ಸದ್ದು. ಇವರು ಮಂಡಿಯೂರಿ ಕೈ ಚಾಚಿ ಅವರ ಮುಂಗೈ ಹಿಡಿದರು. ಗೌಡರು ಇವರ ಸೊಂಟ ಹಿಡಿದು ಎಳೆದರು. ಹೊರಗೆ ಬಂದ ತಮ್ಮ ಮೀನಿನ ಹಾಗೆ ಬಾಯಿ ಬಾಯಿ ಬಿಡುತ್ತಾ ಸಗಣಿಯ ಮೇಲೆ ಮಲಗಿದರು.

ಇವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಮಿಷನ್ನು ಬಾಯಿ ಹತ್ರಕ್ಕೆ ಎಳ್ಕೋ! ಬಾ, ಹಿಡಿ!"

ಇಬ್ಬರೂ ಸೇರಿ ಆ ಕಬ್ಬಿಣವನ್ನು ಕೆಸರಿನಲ್ಲಿ ಉಜ್ಜಿಕೊಂಡು ಹಗೇವಿನ ಬಾಯಿಗೆ ತಂದೆವು. ಹೊರಗೆ ವ್ಯರ್ಥವಾಗಿದ್ದ ಕೊಳವೆಯೂ ಈಗ ಒಳಗೆ ಇಳಿಯಿತು, ತುದಿ ತಳಕ್ಕೆ ಮುಟ್ಟಿತು. ಮೊದಲೇ ಮಾಡಬಹುದಾಗಿದ್ದ ಕೆಲಸ. ಹಲ್ಲಿಗೆ ಸಗಣಿ ಹೋಗುತ್ತದೆಂದು ಮಾಡಿರಲಿಲ್ಲ.

ಗೌಡರು ಅಟ್ಟದಿಂದ ಇನ್ನೊಂದು ಹಗ್ಗ ತಂದರು. ಇವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಬುಟ್ಟಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಒದ್ದೆ ಟವಲು ಬಾಯಿಗೆ ಸುತ್ತಿಕೊಂಡರು.

"ಹೋಗ್ಬೇಡ್ರೀ" ಎಂದೆ. ಆ ದಿನ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

"ಕೊಳವೆ ಬಾಯಿ ನನ್ನ ಮೂತಿ ಹತ್ರ ಇಟ್ಕೊತೀನಿ. ನೀನು ಮಾತ್ರ ನಿಲ್ಲಿಸ್ಬೇಡ. ಏನಾದ್ರೂ ಆಗ್ಲಿ, ನೋಡ್ಬೇಡ, ತಿರುಗ್ಸು" ಎಂದು ಇಳಿದುಬಿಟ್ಟರು.

ನಾನು ತಿರುಗಿಸಿದೆ. ಸೆರಗು ಜಾರಿದ್ದು, ಬಳೆ ಒಡೆದು ಮುಂಗೈ ಕೊಯ್ದದ್ದು ಗೊತ್ತಾಗಲಿಲ್ಲ. ಗಾಳಿ ಇವರಿಗೆ ಮುಟ್ಟುತ್ತಿದೆಯೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಚರ್ಮದ ತೋಳು ಉಬ್ಬಿ ನಡುಗುವುದಷ್ಟೇ ಕಾಣುತ್ತಿತ್ತು. ಒಳಗಿನಿಂದ ಕೆಮ್ಮು ಕೇಳಿತು. ಕೆಮ್ಮು ಕೇಳುವವರೆಗೆ ಬದುಕಿದ್ದಾರೆ ಎಂದು ಎಣಿಸಿಕೊಂಡು ತಿರುಗಿಸಿದೆ. ಆಮೇಲೆ ಕೆಮ್ಮೂ ನಿಂತಿತು. ಗೌಡರು ಹಗ್ಗ ಹಿಡಿದು ದೇವರ ಹೆಸರು ಹೇಳುತ್ತಿದ್ದರು. ಎಷ್ಟು ಹೊತ್ತು ಎಂದರೆ ಹೇಳಲಾರೆ. ಕೊನೆಗೆ ಹಗ್ಗ ಎರಡು ಸಲ ಜಗ್ಗಿತು.

ಮೊದಲು ಹಿರಿಯಾಳನ್ನು ಎಳೆದರು. ಗೌಡರು, ತಮ್ಮ ಇಬ್ಬರೂ ಸೇರಿ. ಆಮೇಲೆ ಇವರು ಮೇಲೆ ಬಂದರು. ಬಂದವರೇ ಗೋಡೆಗೆ ತಲೆ ಕೊಟ್ಟು ವಾಂತಿ ಮಾಡಿಕೊಂಡರು. ಹಿರಿಯಾಳಿನ ಕಣ್ಣು ಅರ್ಧ ತೆರೆದಿತ್ತು. ಮುಖದಲ್ಲಿ ನೋವಿನ ಗುರುತು ಏನೂ ಇರಲಿಲ್ಲ. ಕೂದಲು, ಕಿವಿ, ಮೂಗಿನ ಹೊಳ್ಳೆ ಎಲ್ಲ ಕಡೆ ಕಪ್ಪು ರಾಗಿ ಮೆತ್ತಿತ್ತು. ನಾನು ಬ್ಲೋಯರಿನ ಕೊಳವೆ ಕಿತ್ತು, ಮೂತಿಯನ್ನು ಅವನ ಮುಖದ ಕಡೆ ತಿರುಗಿಸಿ ಗಾಳಿ ಹೊಡೆದೆ. ಬುದ್ಧಿ ಇದ್ದು ಮಾಡಿದ್ದಲ್ಲ. ಅವನ ತಲೆಗೂದಲು ಹಾರಾಡಿತು. ಅಷ್ಟೇ.

"ಸಾಕು ಬಿಡು ತಂಗಿ" ಎಂದರು ಗೌಡರು.

ಆಮೇಲೆ ನಡೆದದ್ದು ಬಹಳ ಬೇಗ ನಡೆಯಿತು. ಚಪ್ಪಡಿ ಮುಚ್ಚಿದರು, ಸಗಣಿ ಎಳೆದರು, ದನಗಳನ್ನು ತಂದು ಕಟ್ಟಿದರು. ಹೆಣದ ಮೇಲೆ ನೀರು ಸುರಿದು ಒರೆಸಿದರು. ಹೊಲದ ಬದುವಿನಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದ ಎಂದು ಹೇಳುವುದೆಂದಾಯಿತು. ಗೌಡರು ಇವರ ಎರಡೂ ಕೈ ಹಿಡಿದುಕೊಂಡರು.

"ನೀವು ಇಲ್ಲಿಗೆ ಬಂದೇ ಇಲ್ಲ ಆಚಾರ್ರೇ. ನಾನೂ ಕರ್ದಿಲ್ಲ. ನಿಮ್ಮ ಮಿಷನ್ನಿಂದಾಗಿ ಹಿಂಗಾಯ್ತು ಅಂತ ಗೊತ್ತಾದ್ರೆ ನೀವೂ ಉಳಿಯಲ್ಲ, ನಾವೂ ಉಳಿಯಲ್ಲ."

ಹುಲ್ಲಿನ ಕೆಳಗೆ ಬ್ಲೋಯರು ಇಟ್ಟುಕೊಂಡು ವಾಪಸು ಹೊರಟೆವು. ಸಂತೆಯಿಂದ ಮರಳುವವರು ಗುಂಪು ಗುಂಪಾಗಿ ಎದುರು ಬರುತ್ತಿದ್ದರು. ಅವರಲ್ಲಿ ಬರಿ ಬುಟ್ಟಿ ಹೊತ್ತ ಹೆಂಗಸರು ಎಷ್ಟೋ ಮಂದಿ. ಅವನ ಹೆಂಡತಿ ಯಾರು ಎಂದು ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ ತಲೆ ತಗ್ಗಿಸಿಕೊಂಡೆ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಮುಂಗೈ ತೊಳೆದು ಅರಿಸಿನ ಹಚ್ಚಿದರು. ಇವರಿಗೆ ತಲೆನೋವು ಹಿಡಿದದ್ದು ಬಿಡಲಿಲ್ಲ. ಸುತ್ತಿಗೆ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮಾತು ಕಡಿಮೆಯಾಯಿತು. ಜೀಪಿನ ಸದ್ದು ಕೇಳಿದರೆ ನಾವಿಬ್ಬರೂ ಮಾಡುತ್ತಿದ್ದ ಕೆಲಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಜೀಪು ಬೇರೆ ಕಡೆ ಹೋಗುತ್ತಿತ್ತು. ಯಾರೂ ಬರಲಿಲ್ಲ. ಯಾರೂ ಬಾರದೆ ಇದ್ದದ್ದೇ ದಿನದಿಂದ ದಿನಕ್ಕೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಾದ ಬೆಂಕಿಯ ಮುಂದೆ ಹಿಡಿ ತಿರುಗಿಸುವಾಗ ಕಿವಿಯ ಪಕ್ಕದಲ್ಲೇ "ಹ್ಞೂಂ" ಎಂದಂತಾಗುತ್ತಿತ್ತು.

ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ, ಕುಡುಗೋಲಿಗೆ ಹಲ್ಲು ಹಾಕಿಸಲು ಒಬ್ಬ ಹೆಂಗಸು ಬಂದಳು. ಬಳೆಯಿಲ್ಲದ ಕೈ, ಬರಿ ಹಣೆ. ಊರಿನ ಹೆಸರು ಹೇಳಿದ ಕೂಡಲೇ ನನ್ನ ಕೈ ನಿಂತಿತು. ಇವರು ಒಳಗೆ ಮಲಗಿದ್ದರು.

ಅವಳು ಬ್ಲೋಯರನ್ನೇ ನೋಡುತ್ತಾ ಕೂತಳು. ಆಮೇಲೆ, "ಇದೇನಾ ಅಕ್ಕ ಗಾಳಿ ಮಿಷನ್ನು?" ಎಂದಳು.

"ಹೂಂ."

"ಅವತ್ತು ನಮ್ಮೂರ ಕಡೆ ಒಂದು ಕಮಾನು ಗಾಡಿ ಬಂದಿತ್ತಂತೆ. ಸಂತೆಗೆ ಹೋಗೋರು ನೋಡಿದಾರೆ."

ನಾನು ಅವಳ ಕುಡುಗೋಲು ಎತ್ತಿ ಅಂಚು ನೋಡಿದೆ.

"ನಾನು ಅವ್ನ ಮೈ ತೊಳ್ದೆ ಅಕ್ಕ. ಕಿವಿ ಒಳಗೆ ರಾಗಿ ಇತ್ತು. ಮೊಳಕೆ ಬಂದಿದ್ ರಾಗಿ. ಬದುವಿನ ಮೇಲೆ ಬಿದ್ದೋನ ಕಿವಿಗೆ ರಾಗಿ ಎಲ್ಲಿಂದ ಬತ್ತದೆ? ಗೌಡ್ರನ್ನ ಕೇಳಿದೆ, ಬೈದ್ರು. ಗೌಡ್ತಿನ ಕೇಳಿದೆ, ಅತ್ರು. ನೀವಾದ್ರೂ ಹೇಳಿ."

ಒಳಗೆ ಇವರು ಕೆಮ್ಮಿದ್ದು ಕೇಳಿತು. ಎಚ್ಚರವಾಗಿದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. ತಡೆಯುತ್ತಾರೇನೋ ಎಂದು ಒಂದು ಕ್ಷಣ ಕಾದೆ. ತಡೆಯಲಿಲ್ಲ. ಆಗ ಹೇಳಿದೆ. ಕೊಳವೆ ಅಪ್ಪಚ್ಚಿಯಾದದ್ದು, ಮಿಷನ್ನು ದೂರ ಇಟ್ಟದ್ದು, ದೀಪ ತಳಕ್ಕೆ ಬಿಡದೆ ಇದ್ದದ್ದು, ನನಗೆ ಗೊತ್ತಾಗಿಯೂ ಬಾಯಿ ಬಿಡದೆ ಇದ್ದದ್ದು, ಎಲ್ಲವನ್ನೂ. ಅವಳು ಅಳಲಿಲ್ಲ. ನೆಲದ ಮೇಲಿನ ಇದ್ದಿಲ ಚೂರನ್ನು ಬೆರಳಿನಲ್ಲಿ ಒತ್ತುತ್ತಾ ಕೇಳಿಸಿಕೊಂಡಳು.

"ಕೂಗಿದ್ನಾ?" ಎಂದಳು ಕೊನೆಗೆ.

"ಇಲ್ಲ ತಾಯಿ. ಸುಮ್ನೆ ಮಲಗಿದಂಗೆ ಇದ್ದ."

"ನೀರು ಕೊಟ್ನಾ ನಿಮಗೆ?"

"ಕೊಟ್ಟ."

"ಯಾರು ಬಂದ್ರೂ ಮೊದ್ಲು ನೀರು ಕೊಡೋನು" ಎಂದು ಎದ್ದು ಹೋದಳು. ಕುಡುಗೋಲು ಅಲ್ಲೇ ಬಿಟ್ಟಿದ್ದಳು.

ವಾರ ಕಳೆದು ಅವಳು ತರೀಕೆರೆಗೆ ಹೋಗಿ ತಾಲ್ಲೂಕಿನ ಅಮಲ್ದಾರರ ಮುಂದೆ ನಿಂತಳಂತೆ. ಜೀಪು ಬಂತು. ಕೊಟ್ಟಿಗೆಯ ಹಗೇವು ತೆಗೆಸಿದರು. ಒಳಗೆ ಇದ್ದ ರಾಗಿಯೆಲ್ಲ ಗೊಬ್ಬರವಾಗಿತ್ತು. ಇವರನ್ನೂ ಕರೆಸಿದರು. ನಾನೂ ಜೊತೆಗೆ ಹೋದೆ. ಇವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. "ಕೊಳವೆ ಮೋಟು ಅಂತ ನಿಮಗೆ ಗೊತ್ತಿತ್ತೇ?" ಎಂದು ಕೇಳಿದಾಗ "ಗೊತ್ತಿತ್ತು ಸ್ವಾಮಿ" ಎಂದರು. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿ ನೋಡಿದ. ಹಲವು ತಿಂಗಳು ಓಡಾಡಿಸಿ ಕೊನೆಗೆ ಆಕಸ್ಮಿಕ ಎಂದು ಬರೆದು ಮುಗಿಸಿದರು. ಗೌಡರಿಗೆ ಬಚ್ಚಿಟ್ಟದ್ದಕ್ಕೆ ಶಿಕ್ಷೆಯಾಯಿತು, ಸತ್ತದ್ದಕ್ಕೆ ಯಾರಿಗೂ ಆಗಲಿಲ್ಲ. ಅವಳು ಗೌಡರ ಮನೆಯ ಹಟ್ಟಿಯಲ್ಲಿ ಇರಲಾರದೆ ದೇವನೂರಿನ ಕಡೆಯ ತವರಿಗೆ ಹೋದಳೆಂದು ಕೇಳಿದೆ. ಕುಡುಗೋಲಿಗೆ ಹಲ್ಲು ಹಾಕಿ ಒಬ್ಬರ ಕೈಯಲ್ಲಿ ಕಳಿಸಿದೆ. ತಲುಪಿತೋ ಇಲ್ಲವೋ ತಿಳಿಯದು.

ನಾವೂ ಅಜ್ಜಂಪುರದಲ್ಲಿ ಉಳಿಯಲಿಲ್ಲ. ಗೌಡರ ಕಡೆಯ ಹಳ್ಳಿಗಳವರು ಗುಳ ತರುವುದನ್ನು ಬಿಟ್ಟರು. ಹಗೇವು ತೋರಿಸಿಕೊಟ್ಟವರು ಎಂದು ಕೆಲವರು, ಆಳು ಕೊಂದವರು ಎಂದು ಕೆಲವರು. ಕಡೂರಿನ ಬಸ್ ನಿಲ್ದಾಣದ ಹಿಂದೆ ಒಂದು ತಗಡಿನ ಶೆಡ್ಡು ಸಿಕ್ಕಿತು. ಅತ್ತೆ ಅಲ್ಲಿಗೆ ಬಂದ ವರ್ಷವೇ ತೀರಿಕೊಂಡರು.

ಕಡೂರಿನಲ್ಲೂ ಬಾವಿ ತೋಡುವವರು ಬ್ಲೋಯರು ಹುಡುಕಿಕೊಂಡು ಬರುತ್ತಿದ್ದರು. ಬರೀ ಮಿಷನ್ನು ಕೊಡಿ ಎಂದರೆ ಇವರು ಕೊಡುತ್ತಿರಲಿಲ್ಲ, ತಾವೇ ಹೋಗುತ್ತಿದ್ದರು. ಸಖರಾಯಪಟ್ಟಣದ ಹತ್ತಿರದ ಒಂದು ಬಾವಿಗೆ ನಾನೂ ಹೋಗಿದ್ದೆ. ಬೆಳಗ್ಗೆಯಿಂದ ಗಾಳಿ ಹೊಡೆದೆವು. ಇವರು ಲಾಂದ್ರವನ್ನು ತಳದ ಕಲ್ಲಿಗೆ ತಾಗುವವರೆಗೆ ಬಿಟ್ಟರು. ಆರಿತು. ಮಧ್ಯಾಹ್ನ ಮತ್ತೆ ಬಿಟ್ಟರು, ಮಿಣುಕಿ ಆರಿತು. ಕೂಲಿಯವರು ಗೊಣಗಿದರು, ತೋಟದ ಯಜಮಾನರು ರೇಗಿದರು.

"ಎಷ್ಟೊತ್ತು ಕಾಯೋದ್ರೀ? ಒಬ್ಬ ಇಳಿದು ನೋಡ್ಲಿ ಬಿಡ್ರೀ."

"ಬೇಕಾದ್ರೆ ನನ್ನ ಮಿಷನ್ನು ಬಾವಿಗೆ ಎತ್ತಿ ಹಾಕಿ. ಯಾರನ್ನೂ ಇಳಿಸಲ್ಲ" ಎಂದು ಇವರು ಬಾವಿಯ ಬಾಯಿಗೆ ಅಡ್ಡಲಾಗಿ ಕೂತುಬಿಟ್ಟರು. ಯಜಮಾನರು ಬೈದುಕೊಂಡು ಮನೆಗೆ ಹೋದರು. ನಾನು ಹಿಡಿ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಲಾಂದ್ರ ಬಿಟ್ಟೆವು. ಈ ಸಲ ತಳದಲ್ಲಿ ದೀಪ ನಿಂತಿತು. ಅದರ ಬೆಳಕಿನಲ್ಲಿ ಒದ್ದೆ ಕಲ್ಲು, ಹಿಂದಿನ ದಿನ ಯಾರೋ ಬಿಟ್ಟುಬಂದಿದ್ದ ಗುದ್ದಲಿ ಕಂಡವು.

ಆ ದಿನವೂ ಇವರು ಯಾರನ್ನೂ ಇಳಿಸಲಿಲ್ಲ. "ನಾಳೆ ಬೆಳಗ್ಗೆ ಇನ್ನೊಂದು ಸಲ ನೋಡಾನ" ಎಂದು ಲಾಂದ್ರ ಮೇಲೆಳೆದುಕೊಂಡರು.